ಪದರ ಬಿಡುವ ಬಿರುಕು

ಮಳೆಗಾಲ ಮುಗಿದ ಮೇಲೆ ಬಚ್ಚಲುಮನೆಯ ಪ್ಲೈವುಡ್ ಬಾಗಿಲಿನ ಕೆಳ ಅಂಚನ್ನು ಒಮ್ಮೆ ಬಗ್ಗಿ ನೋಡಿ. ಮರದ ತೆಳು ಹಾಳೆಗಳು ಒಂದನ್ನೊಂದು ಬಿಟ್ಟುಕೊಂಡು, ನೀರು ಬಿದ್ದ ಪುಸ್ತಕದ ಪುಟಗಳಂತೆ ಅರಳಿರುವುದು ಅನೇಕ ಮನೆಗಳಲ್ಲಿ ಕಾಣುತ್ತದೆ. ಬಿಟ್ಟುಕೊಂಡ ಒಂದು ಹಾಳೆಯನ್ನು ಹಿಡಿದು ಉದ್ದಕ್ಕೆ ಎಳೆದರೆ ಅದು ಸುಲಭವಾಗಿ ಹರಿಯುವುದಿಲ್ಲ. ಮರ ಕೊಳೆತಿಲ್ಲ, ಹಾಳೆ ಮುರಿದಿಲ್ಲ. ಆದರೂ ಬಾಗಿಲು ನಿಷ್ಪ್ರಯೋಜಕವಾಗಿದೆ. ಸೋತಿರುವುದು ಹಾಳೆಗಳನ್ನು ಹಿಡಿದಿಟ್ಟಿದ್ದ ಅಂಟು.

ಪದರಗಳಿಂದ ಕಟ್ಟಿದ ವಸ್ತುಗಳಿಗೆಲ್ಲ ಹೀಗೆ ಪದರ ಬಿಡುವ ಸಾಧ್ಯತೆ ಇದ್ದೇ ಇದೆ. ತಂತ್ರಜ್ಞರು ಇದನ್ನು ಡಿಲ್ಯಾಮಿನೇಷನ್ ಎನ್ನುತ್ತಾರೆ. ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲುಗಣಿಗಳಲ್ಲಿ ಇದೇ ಸ್ವಭಾವವನ್ನು ಲಾಭಕ್ಕೆ ಬಳಸಿಕೊಳ್ಳುತ್ತಾರೆ. ಸುಣ್ಣಕಲ್ಲಿನ ಪದರಗಳ ನಡುವೆ ಉಳಿಯಿಟ್ಟು ಹೊಡೆದರೆ ನೆಲಕ್ಕೆ ಹಾಸುವ ಚಪ್ಪಡಿ ಅಗಲವಾಗಿ ಎದ್ದುಬರುತ್ತದೆ. ಆದರೆ ವಿಮಾನದ ರೆಕ್ಕೆ, ಹೆಲಿಕಾಪ್ಟರಿನ ಅಲಗು, ಗಾಳಿಯಂತ್ರದ ರೆಕ್ಕೆ ಮುಂತಾದವುಗಳಲ್ಲಿ ಪದರ ಬಿಡುವುದು ಅಪಾಯದ ಮಾತು. ಅಲ್ಲಿ ಅದು ಒಳಗೊಳಗೇ ನಡೆಯುತ್ತದೆ. ಮೇಲ್ಮೈ ನುಣುಪಾಗಿಯೇ ಇರುತ್ತದೆ, ಬಣ್ಣ ಕೂಡ ಮಾಸಿರುವುದಿಲ್ಲ. ಹೀಗೆ ಕಣ್ಣಿಗೆ ಬೀಳದ ಬಿರುಕು ಎಲ್ಲಿ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಅದನ್ನು ಕಂಡುಹಿಡಿಯುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಪದರಗಳಿಂದ ಏಕೆ ಕಟ್ಟುತ್ತಾರೆ?

ಎರಡು ಅಥವಾ ಹೆಚ್ಚು ವಸ್ತುಗಳನ್ನು ಅವುಗಳ ಪ್ರತ್ಯೇಕತೆ ಅಳಿಯದಂತೆ ಸೇರಿಸಿ, ಯಾವುದೊಂದರಲ್ಲೂ ಇಲ್ಲದ ಗುಣವನ್ನು ಪಡೆದಾಗ ಅದನ್ನು ಸಂಯೋಜಿತ ವಸ್ತು ಅಥವಾ ಕಾಂಪೊಸಿಟ್ ಎನ್ನುತ್ತೇವೆ. ಹುಲ್ಲು ಬೆರೆಸಿ ತುಳಿದ ಮಣ್ಣಿನ ಗೋಡೆ ಇದರ ಹಳೆಯ ಉದಾಹರಣೆ. ಇಂದಿನ ವಿಮಾನಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಕಾರ್ಬನ್ ನಾರು ಮತ್ತು ಎಪಾಕ್ಸಿ ರಾಳ ಸೇರಿದ ವಸ್ತು. ಕಾರ್ಬನ್ ನಾರಿನ ಒಂದು ಎಳೆಯ ವ್ಯಾಸ 5ರಿಂದ 7 ಮೈಕ್ರೊಮೀಟರ್. ಅಂದರೆ ತಲೆಗೂದಲಿನ ಸುಮಾರು ಹತ್ತನೇ ಒಂದು ಪಾಲು.

ಇಂಥ ಸಾವಿರಾರು ಎಳೆಗಳನ್ನು ಒಂದೇ ದಿಕ್ಕಿನಲ್ಲಿ ಸಾಲಾಗಿ ಜೋಡಿಸಿ, ಇನ್ನೂ ಪೂರ್ತಿ ಗಟ್ಟಿಯಾಗದ ರಾಳದಲ್ಲಿ ತೋಯಿಸಿದ ಹಾಳೆಗೆ ಪ್ರಿಪ್ರೆಗ್ ಎಂದು ಹೆಸರು. ಒಂದು ಹಾಳೆಯ ದಪ್ಪ ಸಾಮಾನ್ಯವಾಗಿ 0.125ರಿಂದ 0.2 ಮಿ.ಮೀ. ಇದು ಗಟ್ಟಿಯಾದ ಮೇಲೆ ನಾರಿನ ಉದ್ದಕ್ಕೆ ಎಳೆದರೆ ಸುಮಾರು 1500 ಮೆಗಾಪಾಸ್ಕಲ್ ಪೀಡನವನ್ನು ತಾಳುತ್ತದೆ. ಪೀಡನ ಎಂದರೆ ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲ. ಅದೇ ಹಾಳೆಯನ್ನು ನಾರಿಗೆ ಅಡ್ಡಲಾಗಿ ಎಳೆದರೆ ಸುಮಾರು 50 ಮೆಗಾಪಾಸ್ಕಲಿಗೇ ಸೀಳಿಹೋಗುತ್ತದೆ. ಮೂವತ್ತು ಪಟ್ಟು ವ್ಯತ್ಯಾಸ! ಬಿದಿರಿನ ಗಳವನ್ನು ಕತ್ತಿಯಿಂದ ಉದ್ದಕ್ಕೆ ಸೀಳುವುದು ಸುಲಭ, ಹಿಡಿದು ಎಳೆದು ತುಂಡರಿಸುವುದು ಆಗದ ಕೆಲಸ ಎಂಬುದನ್ನು ನೆನಪಿಸಿಕೊಂಡರೆ ಈ ಅಂಕಿಗಳು ಅರ್ಥವಾಗುತ್ತವೆ.

ಈ ಕೊರತೆಗೆ ಪರಿಹಾರ ಪ್ಲೈವುಡ್ಡಿನಲ್ಲೇ ಇದೆ. ಒಂದು ಹಾಳೆಯ ನಾರು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ, ಮತ್ತೊಂದು 45 ಡಿಗ್ರಿ ಓರೆಗೆ ಇರುವಂತೆ ಒಂದರ ಮೇಲೊಂದು ಪೇರಿಸುತ್ತಾರೆ. ಪೇರಿಸಿದ ಹಾಳೆಗಳನ್ನು ಆಟೊಕ್ಲೇವ್ ಎಂಬ ದೊಡ್ಡ ಒತ್ತಡದ ಪಾತ್ರೆಯಲ್ಲಿಟ್ಟು ಸುಮಾರು 180 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು 7 ವಾಯುಭಾರದಷ್ಟು ಒತ್ತಡದಲ್ಲಿ ಬೇಯಿಸುತ್ತಾರೆ. ನಮ್ಮ ಅಡುಗೆಮನೆಯ ಕುಕ್ಕರಿನ ದೊಡ್ಡಣ್ಣ ಎನ್ನಿ. ರಾಳ ಕರಗಿ, ಹರಿದು, ಕೊನೆಗೆ ಗಟ್ಟಿಯಾಗಿ ಹಾಳೆಗಳೆಲ್ಲ ಒಂದಾಗುತ್ತವೆ. 0.125 ಮಿ.ಮೀ. ದಪ್ಪದ 16 ಹಾಳೆ ಪೇರಿಸಿದರೆ 2 ಮಿ.ಮೀ. ದಪ್ಪದ ಫಲಕ ಸಿದ್ಧ. ಅಲ್ಯೂಮಿನಿಯಮ್ ಮಿಶ್ರಲೋಹದ ಸಾಂದ್ರತೆ ಪ್ರತಿ ಘನ ಸೆಂ.ಮೀ.ಗೆ ಸುಮಾರು 2.8 ಗ್ರಾಂ ಆದರೆ ಇದರದು 1.6 ಗ್ರಾಂ ಮಾತ್ರ.

ಹೀಗಾಗಿಯೇ ವಿಮಾನ ತಯಾರಕರಿಗೆ ಇದು ಅಚ್ಚುಮೆಚ್ಚು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ನಮ್ಮ ಹಗುರ ಯುದ್ಧವಿಮಾನದ, ಅಂದರೆ ಮುಂದೆ ತೇಜಸ್ ಎಂದು ಹೆಸರು ಪಡೆದ ವಿಮಾನದ, ಒಡಲಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಸಂಯೋಜಿತ ವಸ್ತುವೇ. ಅದರ ಬಾಲದ ಲಂಬ ರೆಕ್ಕೆಯನ್ನು ಸಂಯೋಜಿತ ವಸ್ತುವಿನಿಂದ ರೂಪಿಸಿದ್ದು ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್. 2011ರಲ್ಲಿ ಸೇವೆಗೆ ಬಂದ ಬೋಯಿಂಗ್ 787 ಪ್ರಯಾಣಿಕ ವಿಮಾನದಲ್ಲಿ ಈ ಪ್ರಮಾಣ ತೂಕದ ಅರ್ಧದಷ್ಟಿದೆ.

ನಾರಿಲ್ಲದ ಜಾಗ

ಉದ್ದಕ್ಕೆ ನಾರಿದೆ, ಅಡ್ಡಕ್ಕೆ ನಾರಿದೆ, ಓರೆಗೂ ಇದೆ. ಹಾಗಾದರೆ ನಾರಿಲ್ಲದ ದಿಕ್ಕು ಯಾವುದು? ದಪ್ಪದ ದಿಕ್ಕು. ಒಂದು ಹಾಳೆಯಿಂದ ಮೇಲಿನ ಹಾಳೆಗೆ ದಾಟುವ ನಾರು ಒಂದೂ ಇಲ್ಲ. ಎರಡು ಹಾಳೆಗಳ ನಡುವೆ ಇರುವುದು ಕೆಲವೇ ಮೈಕ್ರೊಮೀಟರ್ ದಪ್ಪದ ಬರೀ ರಾಳ. ಫಲಕವನ್ನು ಮೇಲಕ್ಕೂ ಕೆಳಕ್ಕೂ ಕೀಳುವ ಬಲ ಬಂದರೆ, ಅಥವಾ ಒಂದು ಹಾಳೆ ಇನ್ನೊಂದರ ಮೇಲೆ ಜಾರುವಂಥ ಬಲ ಬಂದರೆ, ಅದನ್ನು ಈ ರಾಳವೊಂದೇ ಹೊರಬೇಕು.

ಈ ರಾಳದ ಪದರ ಎಷ್ಟು ದುರ್ಬಲ? ಬಿರುಕಿನ ವಿಜ್ಞಾನದಲ್ಲಿ ಇದನ್ನು ಶಕ್ತಿಯ ಲೆಕ್ಕದಲ್ಲಿ ಹೇಳುತ್ತಾರೆ. ಬಿರುಕು ಬೆಳೆದಾಗ ಹೊಸ ಮೇಲ್ಮೈ ಹುಟ್ಟುತ್ತದೆ, ಹೊಸ ಮೇಲ್ಮೈ ಹುಟ್ಟಲು ಶಕ್ತಿ ಬೇಕು. 1920ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಎ.ಎ. ಗ್ರಿಫಿತ್ ಗಾಜನ್ನು ಕುರಿತು ಈ ವಿಚಾರ ಮಂಡಿಸಿದರು. ವಸ್ತುವಿನಲ್ಲಿ ಸಂಗ್ರಹವಾದ ಶಕ್ತಿ, ಹೊಸ ಮೇಲ್ಮೈಗೆ ತೆರಬೇಕಾದ ಬೆಲೆಯನ್ನು ಮುಟ್ಟಿದರೆ ಬಿರುಕು ಮುಂದುವರಿಯುತ್ತದೆ, ಇಲ್ಲವಾದರೆ ನಿಂತಲ್ಲೇ ನಿಲ್ಲುತ್ತದೆ. ವಿಮಾನಕ್ಕೆ ಬಳಸುವ ಅಲ್ಯೂಮಿನಿಯಮ್ ಮಿಶ್ರಲೋಹದಲ್ಲಿ ಈ ಬೆಲೆ ಒಂದು ಚದರ ಮೀಟರಿಗೆ 10,000 ಜೂಲ್ ಆಸುಪಾಸು. ಮೊದಲ ಪೀಳಿಗೆಯ ಎಪಾಕ್ಸಿ ಫಲಕಗಳಲ್ಲಿ ಪದರ ಬಿಡಿಸಲು 100ರಿಂದ 200 ಜೂಲ್ ಸಾಕಾಗುತ್ತಿತ್ತು.

200 ಜೂಲ್ ಎಂದರೆ ಎಷ್ಟೆಂದು ಹೀಗೆ ಊಹಿಸಿಕೊಳ್ಳಬಹುದು. ಒಂದು ಚದರ ಸೆಂ.ಮೀ. ಪದರ ಬಿಡಿಸಲು ಬೇಕಾಗುವುದು 0.02 ಜೂಲ್. 20 ಗ್ರಾಂ ತೂಕದ ವಸ್ತುವನ್ನು 10 ಸೆಂ.ಮೀ. ಎತ್ತಲು ತಗಲುವ ಶ್ರಮ ಅಷ್ಟೇ! 200 ಗ್ರಾಂ ತೂಗುವ ಸ್ಪ್ಯಾನರ್ ಒಂದು ಮೀಟರ್ ಎತ್ತರದಿಂದ ಬಿದ್ದರೆ 2 ಜೂಲ್ ಶಕ್ತಿ ತರುತ್ತದೆ. ಅದರಲ್ಲಿ ಬಹುಪಾಲು ಫಲಕದ ಕಂಪನವಾಗಿ, ಸ್ಪ್ಯಾನರಿನ ಪುಟಿತವಾಗಿ ಹಿಂದಿರುಗುತ್ತದೆ ಎಂಬುದೇ ಸಮಾಧಾನ. ಉಳಿದ ಸ್ವಲ್ಪ ಭಾಗವೂ ಒಳಗೆ ಕೆಲಸ ಮಾಡಬಲ್ಲದು.

ಮನೆಯಲ್ಲೇ ಒಂದು ಪ್ರಯೋಗ

ಪದರ ಬಿಟ್ಟರೆ ನಿಜವಾಗಿ ಏನು ನಷ್ಟ? ನಾರುಗಳೆಲ್ಲ ಹಾಗೆಯೇ ಇವೆಯಲ್ಲ? ಇದನ್ನು ತಿಳಿಯಲು ಡ್ರಾಯಿಂಗ್ ಹಾಳೆಯಿಂದ 3 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದದ 30 ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಹತ್ತನ್ನು ಅಂಟು ಹಚ್ಚಿ ಒಂದರ ಮೇಲೊಂದು ಅಂಟಿಸಿ, ಭಾರ ಹೇರಿ ಒಣಗಿಸಿ. ಇನ್ನು ಹತ್ತನ್ನು ಅಂಟಿಲ್ಲದೆ ಬರೀ ಜೋಡಿಸಿಡಿ. ಉಳಿದ ಹತ್ತನ್ನೂ ಅಂಟಿಸಿ, ಆದರೆ ಮೇಲಿನಿಂದ ಎರಡನೆಯ ಮತ್ತು ಮೂರನೆಯ ಪಟ್ಟಿಗಳ ನಡುವೆ ಮಧ್ಯಭಾಗದಲ್ಲಿ ಅಂಟು ಹಚ್ಚದೆ 8 ಸೆಂ.ಮೀ. ಉದ್ದದ ತೆಳು ಪ್ಲಾಸ್ಟಿಕ್ ಚೂರೊಂದನ್ನು ಇಡಿ.

ಮೊದಲೆರಡು ಕಟ್ಟುಗಳನ್ನು ಎರಡು ಪುಸ್ತಕಗಳ ಮೇಲೆ ಸೇತುವೆಯಂತಿಟ್ಟು ನಡುವೆ ನಾಣ್ಯ ಹೇರುತ್ತ ಹೋಗಿ. ಅಂಟಿಲ್ಲದ ಕಟ್ಟು ಬೇಗನೆ ಜೋತುಬೀಳುತ್ತದೆ. ಕಾರಣ ಸರಳ. ಬಾಗುವುದಕ್ಕೆ ಪಟ್ಟಿ ಒಡ್ಡುವ ವಿರೋಧ ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಅರ್ಧವಾದರೆ ವಿರೋಧ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಒಂದು ಫಲಕ ನಟ್ಟನಡುವೆ ಪದರ ಬಿಟ್ಟು ಎರಡು ಅರ್ಧಗಳಾದರೆ ಎಂಟನೇ ಒಂದರಂತೆ ಎರಡು ಪಾಲು, ಅಂದರೆ ಮೊದಲಿನ ನಾಲ್ಕನೇ ಒಂದು ಪಾಲು ಮಾತ್ರ ಉಳಿಯುತ್ತದೆ. ಮೂರು ಸಮ ಭಾಗಗಳಾದರೆ ಒಂಬತ್ತನೇ ಒಂದು ಪಾಲು. ಹತ್ತೂ ಪಟ್ಟಿ ಬಿಡಿಬಿಡಿಯಾದ ನಮ್ಮ ಕಟ್ಟಿನಲ್ಲಿ ಲೆಕ್ಕದ ಪ್ರಕಾರ ನೂರನೇ ಒಂದು ಪಾಲು! ಕಾಗದದ ಪ್ರಮಾಣ ಎಲ್ಲದರಲ್ಲೂ ಒಂದೇ, ಬದಲಾಗಿರುವುದು ಪದರಗಳ ಒಗ್ಗಟ್ಟು.

ಈಗ ಮೂರನೆಯ ಕಟ್ಟನ್ನು ತೆಗೆದುಕೊಳ್ಳಿ. ಎರಡೂ ತುದಿ ಹಿಡಿದು ಎಳೆದರೆ ಅದು ಮೊದಲನೆಯದರಷ್ಟೇ ಗಟ್ಟಿ. ಒಳಗೆ ದೋಷವಿದೆ ಎಂಬುದೇ ತಿಳಿಯುವುದಿಲ್ಲ. ಎರಡೂ ತುದಿಗಳನ್ನು ಒಂದರತ್ತ ಒಂದು ಒತ್ತಿದರೆ ಮಾತ್ರ ಅಂಟಿಲ್ಲದ ಜಾಗದ ತೆಳು ಪಟ್ಟಿಗಳು ಗುಳ್ಳೆಯಂತೆ ಹೊರಕ್ಕೆ ಉಬ್ಬುತ್ತವೆ. ಉಬ್ಬಿದ ಗುಳ್ಳೆ ತನ್ನ ಅಂಚಿನ ಅಂಟನ್ನು ಸನ್ನೆಕೋಲಿನಂತೆ ಮೀಟಿ ಇನ್ನಷ್ಟು ಬಿಡಿಸುತ್ತದೆ. ಗುಳ್ಳೆ ಉದ್ದವಾದಷ್ಟೂ ಉಬ್ಬುವುದು ಸುಲಭ, ಉಬ್ಬಿದಷ್ಟೂ ಉದ್ದವಾಗುತ್ತದೆ. ಪದರ ಬಿಡುವ ದೋಷದ ತಿರುಳು ಈ ಪ್ರಯೋಗದಲ್ಲಿದೆ: ಎಳೆತದಲ್ಲಿ ಅದು ಅಡಗಿ ಕೂರುತ್ತದೆ, ಒತ್ತಿದಾಗ ಹೊರಬೀಳುತ್ತದೆ. ವಿಮಾನ ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಅದರ ಮೇಲುಹೊದಿಕೆ ಒತ್ತಡದಲ್ಲಿರುತ್ತದೆ, ಕೆಳಹೊದಿಕೆ ಎಳೆತದಲ್ಲಿರುತ್ತದೆ. ಆದ್ದರಿಂದ ಮೇಲುಹೊದಿಕೆಯಲ್ಲಿ ಪದರ ಬಿಡುವುದು ಹೆಚ್ಚು ಚಿಂತೆಯ ವಿಷಯ.

ಎಲ್ಲಿ ಶುರುವಾಗುತ್ತದೆ?

ಫಲಕದ ಅಂಚು ಮೊದಲ ಸ್ಥಾನ. ಉದ್ದ ನಾರಿನ ಹಾಳೆ ಮತ್ತು ಅಡ್ಡ ನಾರಿನ ಹಾಳೆ ಸೇರಿದ ಫಲಕವನ್ನು ಎಳೆದೆವೆಂದುಕೊಳ್ಳಿ. ರಬ್ಬರ್ ಪಟ್ಟಿ ಎಳೆದಾಗ ಕಿರಿದಾಗುವಂತೆ ಉದ್ದ ನಾರಿನ ಹಾಳೆ ಅಗಲದಲ್ಲಿ ಕಿರಿದಾಗಲು ಬಯಸುತ್ತದೆ. ಅಡ್ಡ ನಾರಿನ ಹಾಳೆಗೆ ಅಗಲದ ದಿಕ್ಕಿನಲ್ಲೇ ಗಟ್ಟಿ ನಾರಿರುವುದರಿಂದ ಅದು ಕಿರಿದಾಗಲು ಒಪ್ಪುವುದಿಲ್ಲ. ಈ ಜಗಳವನ್ನು ನಡುವಿನ ರಾಳ ತಡೆಹಿಡಿಯಬೇಕು. ಫಲಕದ ಒಳಭಾಗದಲ್ಲಿ ರಾಳಕ್ಕೆ ಅಷ್ಟೇನೂ ಕಷ್ಟವಿಲ್ಲ. ಅಂಚಿನ ಬಳಿ ಮಾತ್ರ, ಫಲಕದ ದಪ್ಪದಷ್ಟೇ ಅಗಲದ ಪಟ್ಟಿಯಲ್ಲಿ, ಹಾಳೆಗಳನ್ನು ಮೇಲಕ್ಕೂ ಕೆಳಕ್ಕೂ ಸುಲಿಯುವ ಪೀಡನ ದಟ್ಟವಾಗುತ್ತದೆ. ಅಮೆರಿಕದ ಬೈರನ್ ಪೈಪ್ಸ್ ಮತ್ತು ನಿಕೊಲಸ್ ಪಗಾನೊ 1970ರಲ್ಲಿ ಅಂಚಿನ ಬಳಿಯ ಈ ಪೀಡನಗಳನ್ನು ಲೆಕ್ಕಹಾಕಿ ತೋರಿಸಿದರು. ಇಲ್ಲಿ ಒಂದು ಸ್ವಾರಸ್ಯವಿದೆ. ಅವೇ ಹಾಳೆಗಳನ್ನು ಬೇರೆ ಕ್ರಮದಲ್ಲಿ ಪೇರಿಸಿದರೆ ಸುಲಿಯುವ ಪೀಡನ ಅದುಮುವ ಪೀಡನವಾಗಿ ಬದಲಾಗಬಹುದು. ವಸ್ತು ಅದೇ, ತೂಕ ಅದೇ, ಕ್ರಮ ಬೇರೆ.

ಬೋಲ್ಟ್ ರಂಧ್ರವೂ ಒಂದು ಅಂಚೇ. ಮೊಂಡಾದ ಬೈರಿಗೆಯಿಂದ ಕೊರೆದರೆ ಅದು ಹೊರಬರುವಾಗ ಕೊನೆಯ ಹಾಳೆಗಳನ್ನು ಕತ್ತರಿಸುವ ಬದಲು ಮುಂದಕ್ಕೆ ತಳ್ಳಿ ಬಿಡಿಸಿಬಿಡುತ್ತದೆ. ಫಲಕದ ದಪ್ಪವನ್ನು ಕ್ರಮೇಣ ಕಡಿಮೆ ಮಾಡಲು ಕೆಲವು ಹಾಳೆಗಳನ್ನು ನಡುವೆಯೇ ನಿಲ್ಲಿಸುವ ಜಾಗ ಇನ್ನೊಂದು ದುರ್ಬಲ ಬಿಂದು. ಮೂಲೆ ತಿರುಗುವ ಕೋನಾಕಾರದ ಭಾಗಗಳನ್ನು ಬಿಡಿಸಿ ನೇರಮಾಡುವಂಥ ಬಲ ಬಂದರೆ ತಿರುವಿನ ಒಳಗೆ ಪದರ ಬಿಡುತ್ತದೆ.

ತಯಾರಿಕೆಯಲ್ಲೇ ದೋಷ ಸೇರಿಕೊಳ್ಳುವುದೂ ಉಂಟು. ಹಾಳೆಗಳ ನಡುವೆ ಉಳಿದ ಗಾಳಿಗುಳ್ಳೆ, ಬೆರಳಿನ ಜಿಡ್ಡು, ತೆಗೆಯಲು ಮರೆತ ರಕ್ಷಣಾ ಕಾಗದದ ಚೂರು ಇವೆಲ್ಲ ಸಿದ್ಧ ಬಿರುಕುಗಳೇ. ಜೊತೆಗೆ 180 ಡಿಗ್ರಿಯಿಂದ ಕೋಣೆಯ ಉಷ್ಣತೆಗೆ ಇಳಿಯುವಾಗ ಪ್ರತಿ ಹಾಳೆಯೂ ನಾರಿಗೆ ಅಡ್ಡಲಾಗಿ ಕುಗ್ಗಲು ಬಯಸುತ್ತದೆ, ನಾರಿನ ಉದ್ದಕ್ಕೆ ಬಹುಮಟ್ಟಿಗೆ ಕುಗ್ಗುವುದಿಲ್ಲ. ಬೇರೆ ಬೇರೆ ದಿಕ್ಕಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಯಾವ ಭಾರವೂ ಬೀಳುವ ಮುನ್ನವೇ ಫಲಕದೊಳಗೆ ಬಿಗಿತ ಉಳಿದುಬಿಡುತ್ತದೆ.

ಎಲ್ಲಕ್ಕಿಂತ ಕಪಟಿ ಎಂದರೆ ಹೊಡೆತ. ಆಲಿಕಲ್ಲು, ರನ್‌ವೇಯಿಂದ ಚಿಮ್ಮಿದ ಕಲ್ಲು, ಕೈಜಾರಿದ ಉಪಕರಣ ಇವು ಅಲ್ಯೂಮಿನಿಯಮ್ ತಗಡಿನ ಮೇಲೆ ಬಿದ್ದರೆ ತಗ್ಗು ಉಳಿಯುತ್ತದೆ. ಏಟು ಬಿದ್ದಿದೆಯೆಂದು ಯಾರಿಗಾದರೂ ಗೊತ್ತಾಗುತ್ತದೆ. ಕಾರ್ಬನ್ ಫಲಕ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಮೇಲೆ ಕಾಣುವುದು ಒಂದು ಸಣ್ಣ ಗುರುತು, ಕೆಲವೊಮ್ಮೆ ಅದೂ ಇಲ್ಲ. ಒಳಗೆ ಮಾತ್ರ ಹಾಳೆಯಿಂದ ಹಾಳೆಗೆ ಬಿರುಕುಗಳು ಹರಡಿ, ಕೆಳಕ್ಕೆ ಹೋದಂತೆ ಅಗಲವಾಗುತ್ತ ಶಂಕುವಿನ ಆಕಾರ ಪಡೆದಿರುತ್ತವೆ. ಹೀಗೆ ಏಟು ತಿಂದ ಫಲಕದ ಒತ್ತಡ ತಾಳುವ ಶಕ್ತಿ ಅರ್ಧಕ್ಕಿಂತಲೂ ಕೆಳಗಿಳಿಯಬಹುದು.

ಬೆಲೆಯನ್ನು ಅಳೆಯುವ ಬಗೆ

ಪದರ ಬಿಡಿಸಲು ತಗಲುವ ಶಕ್ತಿಯನ್ನು ಪ್ರಯೋಗಾಲಯದಲ್ಲಿ ಅಳೆಯುವ ವಿಧಾನ ನಮ್ಮ ಮೂರನೆಯ ಕಾಗದದ ಕಟ್ಟಿಗೆ ತೀರ ಹತ್ತಿರದ್ದು. ಹಾಳೆಗಳನ್ನು ಪೇರಿಸುವಾಗ ನಟ್ಟನಡುವೆ ಒಂದು ತುದಿಯಲ್ಲಿ ಟೆಫ್ಲಾನಿನಂಥ ಅಂಟಿಕೊಳ್ಳದ ತೆಳು ಪೊರೆಯನ್ನು ಇಡುತ್ತಾರೆ. ಬೆಂದ ಮೇಲೆ ಆ ತುದಿ ಸೀಳುನಾಲಿಗೆಯಂತೆ ಎರಡಾಗಿರುತ್ತದೆ. ಎರಡು ನಾಲಿಗೆಗಳಿಗೂ ಕೀಲು ಅಂಟಿಸಿ ಯಂತ್ರದಲ್ಲಿ ನಿಧಾನವಾಗಿ ಅಗಲಿಸುತ್ತಾರೆ. ಎಷ್ಟು ಬಲಕ್ಕೆ ಎಷ್ಟು ಬಾಯ್ತೆರೆಯಿತು, ಬಿರುಕಿನ ತುದಿ ಎಷ್ಟು ಮುಂದೆ ಹೋಯಿತು ಎಂದು ಗುರುತಿಸಿಕೊಂಡರೆ ಪ್ರತಿ ಚದರ ಮೀಟರಿನ ಬೆಲೆ ದೊರೆಯುತ್ತದೆ.

ಬಿರುಕು ಬೆಳೆಯುವ ಬಗೆ ಮೂರು. ಪುಸ್ತಕ ತೆರೆದಂತೆ ಬಾಯ್ಬಿಡುವುದು ಒಂದು, ಇಸ್ಪೀಟೆಲೆಗಳಂತೆ ಮುಂದಕ್ಕೆ ಜಾರುವುದು ಇನ್ನೊಂದು, ಕಾಗದ ಹರಿಯುವಂತೆ ಅಕ್ಕಪಕ್ಕಕ್ಕೆ ಸರಿಯುವುದು ಮೂರನೆಯದು. ಬಾಯ್ಬಿಡುವ ಬಗೆಗೆ ತಗಲುವ ಶಕ್ತಿ ಎಲ್ಲಕ್ಕಿಂತ ಕಡಿಮೆ. ಆದ್ದರಿಂದ ವಿನ್ಯಾಸಕಾರ ಸುಲಿಯುವ ಬಲಗಳಿಗೆ ಹೆಚ್ಚು ಹೆದರುತ್ತಾನೆ. ಒಂದೇ ಏಟಿಗೆ ಬಿರುಕು ಬೆಳೆಯದಿದ್ದರೂ, ಅದಕ್ಕಿಂತ ಕಡಿಮೆ ಬಲ ಸಾವಿರಾರು ಬಾರಿ ಮರುಕಳಿಸಿದರೆ ಅದು ಸ್ವಲ್ಪಸ್ವಲ್ಪವೇ ಮುಂದೆ ಸಾಗಬಹುದು ಎಂಬುದನ್ನೂ ನೆನಪಿಡಬೇಕು.

ಸಮುದ್ರದಾಳದ ದುರಂತ

ಪದರ ಬಿಟ್ಟ ಫಲಕ ಒತ್ತಡದಲ್ಲಿ ಉಬ್ಬಿ ಸೋಲುತ್ತದೆ ಎಂಬ ಮಾತಿಗೆ ಇತ್ತೀಚಿನ ಕ್ರೂರ ಉದಾಹರಣೆ ಟೈಟನ್ ಎಂಬ ಜಲಾಂತರ ವಾಹನ. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಸುಮಾರು 3,800 ಮೀಟರ್ ಆಳದಲ್ಲಿರುವ ಟೈಟಾನಿಕ್ ಹಡಗಿನ ಅವಶೇಷವನ್ನು ತೋರಿಸಲು ಅದು ಜನರನ್ನು ಕರೆದೊಯ್ಯುತ್ತಿತ್ತು. ಆ ಆಳದಲ್ಲಿ ಪ್ರತಿ ಚದರ ಸೆಂ.ಮೀ. ಮೇಲೆ ಸುಮಾರು 390 ಕಿಲೋಗ್ರಾಂ ತೂಕದಷ್ಟು ಒತ್ತಡವಿರುತ್ತದೆ. ಟೈಟನ್ನಿನ ಒಡಲು ಕಾರ್ಬನ್ ನಾರಿನ ಉರುಳೆ. ಎರಡೂ ತುದಿಗೆ ಟೈಟಾನಿಯಮ್ಮಿನ ಗುಮ್ಮಟ. ಉರುಳೆಯ ಗೋಡೆ ಸುಮಾರು 127 ಮಿ.ಮೀ. ದಪ್ಪ. ಇಷ್ಟು ದಪ್ಪವನ್ನು ಒಂದೇ ಬಾರಿ ಬೇಯಿಸುವ ಬದಲು, ಸುಮಾರು 25 ಮಿ.ಮೀ. ದಪ್ಪದ ಐದು ಸುತ್ತುಗಳಾಗಿ ಒಂದೊಂದನ್ನೇ ಬೇಯಿಸಿ, ನಡುನಡುವೆ ಅಂಟು ಹಾಕಿ ಕಟ್ಟಲಾಗಿತ್ತು.

2022ರ ಜುಲೈ 15ರಂದು 80ನೆಯ ಮುಳುಗಿನಿಂದ ಮೇಲೆ ಬರುವಾಗ ಒಳಗಿದ್ದವರಿಗೆ ದೊಡ್ಡ ಸದ್ದೊಂದು ಕೇಳಿಸಿತು. ಹೊರಗೆ ಏನೂ ಕಾಣಲಿಲ್ಲ. ಒಡಲಿಗೆ ಅಂಟಿಸಿದ್ದ ವಿಕೃತಿ ಮಾಪಕಗಳು ಮಾತ್ರ ಆ ದಿನದ ನಂತರ ಬೇರೆ ರೀತಿ ವರ್ತಿಸತೊಡಗಿದ್ದವು. ಆದರೂ ಮುಳುಗುಗಳು ಮುಂದುವರಿದವು. 2023ರ ಜೂನ್ 18ರಂದು 88ನೆಯ ಮುಳುಗಿನಲ್ಲಿ ಟೈಟನ್ ಒಳಕ್ಕೆ ಕುಸಿದು ನುಚ್ಚುನೂರಾಯಿತು. ಅದರಲ್ಲಿದ್ದ ಐವರೂ ಸತ್ತರು.

ತಯಾರಿಕೆಯ ವೇಳೆ ಉಳಿದಿದ್ದ ಒಡಲಿನ ತುಂಡುಗಳನ್ನು ತನಿಖೆಗಾರರು ಪರೀಕ್ಷಿಸಿದಾಗ ಅವುಗಳಲ್ಲಿ ಸುಕ್ಕು, ಗಾಳಿಗುಳ್ಳೆ ಮತ್ತು ಪದರಗಳ ನಡುವೆ ಖಾಲಿ ಜಾಗಗಳು ಕಂಡವು. ಸಮುದ್ರತಳದಿಂದ ಎತ್ತಿದ ಅವಶೇಷಗಳಲ್ಲಿ ಒಡಲು ಚಿಪ್ಪು ಚಿಪ್ಪಾಗಿ ಬೇರ್ಪಟ್ಟಿತ್ತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದ ವರದಿ ಹೀಗೆ ತೀರ್ಮಾನಿಸಿತು: ಒಡಲಿನ ನಿಜವಾದ ಬಲವನ್ನೂ ಬಾಳಿಕೆಯನ್ನೂ ಸರಿಯಾಗಿ ನಿರ್ಧರಿಸಿರಲಿಲ್ಲ, 80ನೆಯ ಮುಳುಗಿನ ಬಳಿಕ ಅದರಲ್ಲಿ ಪದರಗಳು ಬಿಟ್ಟಿದ್ದವು, ಕೊನೆಗೆ ಒಂದು ಕಡೆ ಗೋಡೆ ಸ್ಥಳೀಯವಾಗಿ ಬಾಗಿ ಕುಸಿಯಿತು. ಕಾಗದದ ಕಟ್ಟಿನಲ್ಲಿ ನಾವು ನೋಡಿದ ಕ್ರಿಯೆಯೇ ಇದು. ಇಡೀ ದಪ್ಪ ಒಂದಾಗಿದ್ದಾಗ ತಾಳಿದ್ದ ಒತ್ತಡವನ್ನು, ಅದೇ ದಪ್ಪ ತೆಳು ಚಿಪ್ಪುಗಳಾಗಿ ಒಡೆದಾಗ ತಾಳಲಾಗಲಿಲ್ಲ. ಎಚ್ಚರಿಕೆಯ ಸದ್ದೂ ಆಗಿತ್ತು, ಮಾಪಕದಲ್ಲಿ ದಾಖಲೆಯೂ ಇತ್ತು. ಅದನ್ನು ಓದಿ ಅರ್ಥಮಾಡಿಕೊಳ್ಳುವ ಕೆಲಸ ಆಗಬೇಕಿತ್ತು.

ಹುಡುಕುವುದು ಹೇಗೆ?

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುತ್ತಾರೆ. ಟಣ್ ಎಂದರೆ ಗಟ್ಟಿ, ಬೊಳ್ ಎಂದರೆ ಬಿರುಕು. ವಿಮಾನ ನಿಲ್ದಾಣದ ಕಾರ್ಯಾಗಾರದಲ್ಲೂ ಇದೇ ಉಪಾಯ ಬಳಕೆಯಲ್ಲಿದೆ. ನಾಣ್ಯದಿಂದಲೋ ಸಣ್ಣ ಸುತ್ತಿಗೆಯಿಂದಲೋ ಫಲಕವನ್ನು ತಟ್ಟುತ್ತ ಹೋದರೆ, ಪದರ ಬಿಟ್ಟ ಜಾಗದಲ್ಲಿ ಸದ್ದು ಮಂದವಾಗುತ್ತದೆ. ಅಲ್ಲಿ ಕಂಪಿಸುವುದು ಮೇಲಿನ ತೆಳು ಭಾಗ ಮಾತ್ರ; ಅದು ಮೃದುವಾಗಿರುವುದರಿಂದ ಕಡಿಮೆ ಆವೃತ್ತಿಯ ಧ್ವನಿ ಹೊರಡುತ್ತದೆ.

ಈ ವಿಧಾನಕ್ಕೆ ಮಿತಿಯೂ ಇದೆ. 2005ರ ಮಾರ್ಚ್ 6ರಂದು ಕ್ಯೂಬಾದಿಂದ ಕೆನಡಾಕ್ಕೆ ಹೊರಟ ಏರ್‌ಬಸ್ ಎ-310 ವಿಮಾನವೊಂದು 35,000 ಅಡಿ ಎತ್ತರದಲ್ಲಿದ್ದಾಗ ಅದರ ಬಾಲದ ಚುಕ್ಕಾಣಿ ಬಹುಪಾಲು ಕಳಚಿಹೋಯಿತು. ಅದರಲ್ಲಿ 270ಕ್ಕೂ ಹೆಚ್ಚು ಜನರಿದ್ದರು. ಪೈಲಟ್‌ಗಳು ಹಿಂದಿರುಗಿ ಸುರಕ್ಷಿತವಾಗಿ ಇಳಿಸಿದರು. ಆ ಚುಕ್ಕಾಣಿ, ಜೇನುಗೂಡಿನಂಥ ಹಗುರ ತಿರುಳಿನ ಎರಡೂ ಬದಿಗೆ ಕಾರ್ಬನ್ ಹೊದಿಕೆ ಅಂಟಿಸಿದ ರಚನೆ. ಹೊದಿಕೆ ಮತ್ತು ತಿರುಳಿನ ಬೆಸುಗೆ ಬಿಟ್ಟಿದ್ದು ಅಥವಾ ತಿರುಳಿನಲ್ಲೇ ಬಿರುಕಿದ್ದು ಬೆಳೆದಿರಬೇಕೆಂದು ತನಿಖೆ ಹೇಳಿತು. ಅದೇ ವರ್ಷ ಇನ್ನೊಂದು ಸರಕು ವಿಮಾನದ ಚುಕ್ಕಾಣಿಯಲ್ಲಿ ಒಳಬದಿಯ ಹೊದಿಕೆ ಬಿಟ್ಟುಕೊಂಡಿದ್ದು ಪತ್ತೆಯಾಯಿತು. ಅಲ್ಲಿ ಹೈಡ್ರಾಲಿಕ್ ತೈಲ ಸೋರಿ ಒಳಸೇರಿತ್ತು. ಹೊರಬದಿಯನ್ನು ತಟ್ಟಿ ನೋಡಿದರೆ ಒಳಬದಿಯ ಇಂಥ ದೋಷ ತಿಳಿಯದೇ ಹೋಗಬಹುದೆಂದು 2006ರಲ್ಲಿ ಅಮೆರಿಕದ ಸುರಕ್ಷತಾ ಮಂಡಳಿ ಎಚ್ಚರಿಸಿತು. ಮೇಲೇರಿದಾಗ ಹೊರಗಿನ ವಾಯುಭಾರ ನೆಲಮಟ್ಟದ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಜೇನುಗೂಡಿನ ಕೋಶಗಳಲ್ಲಿ ಸಿಕ್ಕಿಬಿದ್ದ ಗಾಳಿ ಆಗ ಹೊದಿಕೆಯನ್ನು ಹೊರಕ್ಕೆ ತಳ್ಳುತ್ತದೆ. ಪ್ರತಿ ಹಾರಾಟಕ್ಕೂ ಒಮ್ಮೆ ಹೀಗೆ ಮೀಟಿದರೆ ಬಿಟ್ಟ ಜಾಗ ಬೆಳೆಯದಿದ್ದೀತೇ?

ಹೆಚ್ಚು ನಂಬಲರ್ಹವಾದದ್ದು ಶ್ರವಣಾತೀತ ಧ್ವನಿ, ಅಂದರೆ ಅಲ್ಟ್ರಾಸೌಂಡ್. ಸೆಕೆಂಡಿಗೆ ಕೆಲವು ದಶಲಕ್ಷ ಬಾರಿ ಕಂಪಿಸುವ ಧ್ವನಿಯನ್ನು ನೀರು ಅಥವಾ ಜೆಲ್ಲಿಯ ಮೂಲಕ ಫಲಕದೊಳಗೆ ಕಳಿಸುತ್ತಾರೆ. ಫಲಕದ ದಪ್ಪದ ದಿಕ್ಕಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 3,000 ಮೀಟರ್. 3 ಮಿ.ಮೀ. ಫಲಕದ ತಳ ಮುಟ್ಟಿ ಹಿಂದಿರುಗಲು 2 ಮೈಕ್ರೊಸೆಕೆಂಡ್ ಬೇಕು. ನಡುವೆ ಪದರ ಬಿಟ್ಟಿದ್ದರೆ ಅಲ್ಲಿಯ ಗಾಳಿಯ ಸೀಳು ಕನ್ನಡಿಯಂತೆ ಧ್ವನಿಯನ್ನು ಬೇಗನೆ ಹಿಂದಕ್ಕೆ ಕಳಿಸುತ್ತದೆ. ಪ್ರತಿಧ್ವನಿ ಬಂದ ಸಮಯದಿಂದ ದೋಷ ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಫಲಕದುದ್ದಕ್ಕೂ ಹೀಗೆ ಅಳೆದು ಬಣ್ಣದ ನಕ್ಷೆ ಬರೆಯುವುದಕ್ಕೆ ಸಿ-ಸ್ಕ್ಯಾನ್ ಎಂದು ಹೆಸರು. ಫಲಕವನ್ನು ಕ್ಷಣಕಾಲ ಬಿಸಿಮಾಡಿ, ಅದು ಆರುವ ರೀತಿಯನ್ನು ಅವಕೆಂಪು ಕ್ಯಾಮೆರಾದಿಂದ ನೋಡುವ ವಿಧಾನವೂ ಇದೆ. ಸೀಳಿನ ಗಾಳಿ ಶಾಖವನ್ನು ತಡೆಯುವುದರಿಂದ ಅಲ್ಲಿ ಮೇಲ್ಮೈ ನಿಧಾನವಾಗಿ ಆರುತ್ತದೆ. ಎಕ್ಸ್‌ಕಿರಣ ಮಾತ್ರ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರದು. ಫಲಕಕ್ಕೆ ಲಂಬವಾಗಿ ಹಾಯುವ ಕಿರಣಕ್ಕೆ ಹಾಳೆಯಂಥ ಸೀಳು ಅಡ್ಡಿಯೇ ಅಲ್ಲ.

ಇನ್ನೊಂದು ತೊಡಕು ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಎರಡು ಮೇಲ್ಮೈಗಳು ಒಂದಕ್ಕೊಂದು ತಾಗಿಕೊಂಡಿವೆ, ಆದರೆ ಅಂಟಿಕೊಂಡಿಲ್ಲ. ನಡುವೆ ಗಾಳಿಯಿಲ್ಲದ ಕಾರಣ ಧ್ವನಿ ಸರಾಗವಾಗಿ ದಾಟುತ್ತದೆ, ನಕ್ಷೆಯಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಬಲ ಮಾತ್ರ ಅಲ್ಲಿಲ್ಲ. ಹೀಗಾಗಿ ಅಂಟಿಸುವ ಮುನ್ನ ಮೇಲ್ಮೈಯನ್ನು ಶುಚಿಗೊಳಿಸುವ ಶಿಸ್ತಿಗೆ ಬದಲಿಯಾಗಿ ಯಾವ ಉಪಕರಣವೂ ಇಲ್ಲ.

ತಡೆಯುವ ದಾರಿಗಳು

ಮೊದಲ ದಾರಿ ವಿನ್ಯಾಸದ್ದು. ಪಕ್ಕಪಕ್ಕದ ಹಾಳೆಗಳ ಕೋನ ಥಟ್ಟನೆ ಬದಲಾಗದಂತೆ, ಒಂದೇ ದಿಕ್ಕಿನ ಹೆಚ್ಚು ಹಾಳೆಗಳು ಒಟ್ಟಿಗೆ ಬಾರದಂತೆ, ದಪ್ಪ ಇಳಿಯುವಲ್ಲಿ ಒಂದೊಂದೇ ಹಾಳೆ ನಿಲ್ಲುವಂತೆ ನೋಡಿಕೊಳ್ಳುತ್ತಾರೆ. ಎರಡನೆಯದು ರಾಳವನ್ನು ಗಡುಸುತನದಿಂದ ಜಿಗುಟುತನದತ್ತ ಒಯ್ಯುವುದು. ಬೋಯಿಂಗ್ 787ರಲ್ಲಿ ಬಳಸುವ ಪ್ರಿಪ್ರೆಗ್ಗಿನಲ್ಲಿ ಹಾಳೆಗಳ ನಡುವಿನ ಜಾಗದಲ್ಲೇ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳನ್ನು ಸೇರಿಸಿರುತ್ತಾರೆ. ಬಿರುಕು ಮುಂದೆ ಹೋಗಬೇಕಾದರೆ ಈ ಕಣಗಳನ್ನು ಹಿಗ್ಗಿಸಿ ಹರಿಯಬೇಕು. ಅದಕ್ಕೆ ಹೆಚ್ಚು ಶಕ್ತಿ ತೆರಬೇಕು.

ಮೂರನೆಯದು ದಪ್ಪದ ದಿಕ್ಕಿಗೂ ನಾರು ಕೊಡುವುದು. ಕೌದಿ ಹೊಲಿಯುವಂತೆ ಹಾಳೆಗಳನ್ನು ದಾರದಿಂದ ಹೊಲಿಯಬಹುದು, ಅಥವಾ ಸಣ್ಣ ಕಡ್ಡಿಗಳನ್ನು ಚುಚ್ಚಬಹುದು. ಸೂಜಿ ಹಾದಲ್ಲೆಲ್ಲ ನಾರು ಸ್ವಲ್ಪ ಡೊಂಕಾಗಿ ಉದ್ದದ ದಿಕ್ಕಿನ ಬಲ ಕೊಂಚ ಕಡಿಮೆಯಾಗುವುದು ಇದಕ್ಕೆ ತೆರುವ ಬೆಲೆ. ಇದಕ್ಕಿಂತ ಮುಂದೆ ಹೋದವರು ಪದರಗಳನ್ನೇ ಕೈಬಿಟ್ಟು ಮೂರು ಆಯಾಮದಲ್ಲಿ ನೇಯುತ್ತಾರೆ. 2016ರಲ್ಲಿ ಸೇವೆಗೆ ಬಂದ ಲೀಪ್ ಎಂಬ ವಿಮಾನ ಎಂಜಿನ್ನಿನ ಮುಂಭಾಗದ ಅಲಗುಗಳು ಹೀಗೆ ನೇಯ್ದವು. ಹಕ್ಕಿ ಬಡಿದರೂ ಬಿಡಲು ಅಲ್ಲಿ ಬೇರೆ ಬೇರೆ ಹಾಳೆಗಳೇ ಇಲ್ಲ.

ಎಷ್ಟೇ ಮಾಡಿದರೂ ಪದರ ಬಿಡುವುದನ್ನು ಪೂರ್ತಿ ತಪ್ಪಿಸಲಾಗದು. ಆದ್ದರಿಂದ ವಿಮಾನದ ನಿಯಮಗಳು ಬೇರೊಂದು ಜಾಣತನ ತೋರಿವೆ. ಕಣ್ಣಿಗೆ ಕಂಡೂ ಕಾಣದಷ್ಟು ಏಟು ಈಗಾಗಲೇ ಬಿದ್ದಿದೆ ಎಂದೇ ಭಾವಿಸಿ, ಆ ಗಾಯವಿದ್ದೂ ರಚನೆ ತನ್ನ ಪೂರ್ಣ ವಿನ್ಯಾಸ ಭಾರವನ್ನು ಹೊರಬಲ್ಲದೆಂದು ಪರೀಕ್ಷಿಸಿ ತೋರಿಸಬೇಕು. ಬಿರುಕು ಹಾರಾಟದಿಂದ ಹಾರಾಟಕ್ಕೆ ಬೆಳೆಯದು ಎಂಬುದನ್ನೂ ಸಾಬೀತುಪಡಿಸಬೇಕು. ಅದಕ್ಕಿಂತ ದೊಡ್ಡ ಗಾಯವಾದರೆ ತಪಾಸಣೆಯಲ್ಲಿ ಸಿಕ್ಕಲೇಬೇಕು, ದುರಸ್ತಿಯಾಗಲೇಬೇಕು. ಕೈಜಾರಿ ಉಪಕರಣ ಬೀಳಿಸಿದ ಕಾರ್ಮಿಕ, ಗುರುತು ಕಾಣದಿದ್ದರೂ ಅದನ್ನು ಹೇಳಿಬಿಡುವುದು ಈ ವ್ಯವಸ್ಥೆಯ ಅಗತ್ಯ ಭಾಗ. ಆ ಒಂದು ಮಾತಿನಿಂದ ಅಲ್ಟ್ರಾಸೌಂಡ್ ಯಂತ್ರ ಸರಿಯಾದ ಜಾಗಕ್ಕೆ ಬರುತ್ತದೆ.

ಮುಂದಿನ ಬಾರಿ ಪ್ಲೈವುಡ್ ಕೊಳ್ಳುವಾಗ ಅಂಚನ್ನು ನೋಡಿ, ನಡುವೆ ಸೀಳಿದೆಯೇ ಎಂದು ಬೆರಳಿನಿಂದ ತಟ್ಟಿ. ನೀರು ತಾಗುವ ಜಾಗಕ್ಕೆ ಫಿನಾಲ್ ಫಾರ್ಮಾಲ್ಡಿಹೈಡ್ ಅಂಟಿನ, ಕುದಿನೀರಿನ ಪರೀಕ್ಷೆ ದಾಟಿದ ದರ್ಜೆಯನ್ನೇ ಕೇಳಿ. ಹಾಳೆಯ ಮರ ಎಷ್ಟೇ ಒಳ್ಳೆಯದಿರಲಿ, ಬಾಗಿಲಿನ ಆಯಸ್ಸನ್ನು ನಿರ್ಧರಿಸುವುದು ನಡುವಿನ ಆ ತೆಳು ಅಂಟು.